ಮಾರ್ಪಡದ ದೇವರನ್ನು ಪ್ರಶ್ನಿಸಬಹುದೇ?

ಕ್ರೈಸ್ತ ನಂಬಿಕೆಯಲ್ಲಿ ದೇವರ ಅಧಿಕಾರ ಮತ್ತು ಆತನ ಬದಲಾಗದ ಸ್ವಭಾವವನ್ನು ಕುರಿತು ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದು, ದೀರ್ಘವಾದ ಪ್ರಶ್ನೆಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ತಾನು ಮಾರ್ಪಡುವವನಲ್ಲ ಎಂದು ದೇವರು ಬೈಬಲಿನ ಮಲಾಕಿಯನ ಗ್ರಂಥದಲ್ಲಿ ಹೇಳುತ್ತಾನೆ. ಆದರೆ ನಿನೆವೆಯನ್ನು ಕೆಡವುತ್ತೇನೆಂದು ಸಾರಿಸಿ ಆಮೇಲೆ ಅದನ್ನು ಉಳಿಸಿದ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟನೆಂದೂ ಬರೆದಿದೆ. ಇವುಗಳಲ್ಲಿ ಯಾವುದನ್ನು ನಂಬಬೇಕು?
– ಓದುಗರು, ಕಮ್ಮನಹಳ್ಳಿ

ಉತ್ತರ: ನೀವು ಉಲ್ಲೇಖಿಸಿದ ಮಲಾಕಿಯನ ಮಾತು ಮೂರನೆಯ ಅಧ್ಯಾಯದ ಆರನೆಯ ವಚನ. ಅದನ್ನು ಒಂಟಿಯಾಗಿ ಓದಿದರೆ ದೇವರು ಕಲ್ಲಿನಂತೆ ನಿಶ್ಚಲನೆಂಬ ಭಾವನೆ ಮೂಡುವುದು ಸಹಜ. ಆದರೆ ಆ ವಚನದ ಎರಡನೆಯ ಭಾಗ, ದೇವರು ಬದಲಾಗದಿರುವ ಕಾರಣದಿಂದಲೇ ಯಾಕೋಬನ ಸಂತತಿಯವರು, ಅಂದರೆ ಇಸ್ರಾಯೇಲ್ಯರು, ಇನ್ನೂ ನಾಶವಾಗದೆ ಉಳಿದಿದ್ದಾರೆ ಎನ್ನುತ್ತದೆ. ಅದರ ಬೆನ್ನಿಗೇ ಬರುವ ಏಳನೆಯ ವಚನದಲ್ಲಿ, ನೀವು ನನ್ನ ಕಡೆಗೆ ತಿರುಗಿಕೊಂಡರೆ ನಾನೂ ನಿಮ್ಮ ಕಡೆಗೆ ತಿರುಗಿಕೊಳ್ಳುತ್ತೇನೆ ಎಂಬ ಮಾತಿದೆ. ಬದಲಾಗುವುದಿಲ್ಲ ಎಂದ ದೇವರೇ ಮರುಕ್ಷಣದಲ್ಲಿ ತಿರುಗಿಕೊಳ್ಳುವ ಮಾತನಾಡುತ್ತಾನೆ. ಗ್ರಂಥಕರ್ತನಿಗೆ ಇವೆರಡರಲ್ಲಿ ವಿರೋಧವೇ ಕಾಣಲಿಲ್ಲ ಎಂಬುದನ್ನು ನಾವು ಮೊದಲು ಗಮನಿಸಬೇಕು. ಅವನ ಪಾಲಿಗೆ ಬದಲಾಗದಿರುವುದು ದೇವರ ಗುಣ ಮತ್ತು ಆತನು ಕೊಟ್ಟ ಮಾತು. ಆ ಗುಣವು ಮನುಷ್ಯರನ್ನು ಸಂಧಿಸುವ ಬಗೆಯಾದರೋ ಅವರು ನಿಂತಿರುವ ನೆಲೆಗೆ ತಕ್ಕಂತೆ ಬೇರೆಯಾಗುತ್ತದೆ.

ನಿನೆವೆಗೆ ದೇವರು ಕಳಿಸಿದ ಪ್ರವಾದಿ ಯೋನನ ಕತೆಯಲ್ಲಿ ಇದು ಇನ್ನೂ ಸ್ಪಷ್ಟ. ನಲವತ್ತು ದಿನಗಳಲ್ಲಿ ಪಟ್ಟಣ ಕೆಡವಲ್ಪಡುವುದೆಂದು ಅವನು ಸಾರಿದ, ಜನರು ಗೋಣಿತಟ್ಟು ಉಟ್ಟುಕೊಂಡು ಕೆಟ್ಟ ನಡತೆಯನ್ನು ಬಿಟ್ಟರು, ಪಟ್ಟಣ ಉಳಿಯಿತು. ಆಗ ಯೋನನಿಗೆ ಕೋಪ ಬಂತು. ದೇವರು ಮಾತು ಬದಲಿಸಿದನಲ್ಲಾ ಎಂಬುದು ಆ ಕೋಪದ ಕಾರಣವೆಂದು ಅನೇಕರು ತಿಳಿದಿದ್ದಾರೆ. ನಾಲ್ಕನೆಯ ಅಧ್ಯಾಯದಲ್ಲಿ ಅವನು ಆಡಿರುವ ಮಾತೇ ಬೇರೆ: ನೀನು ಕನಿಕರವುಳ್ಳವನು, ದೀರ್ಘಶಾಂತನು, ಕೇಡು ಮಾಡದೆ ಹಿಂದೆಗೆಯುವವನು ಎಂಬುದು ನನಗೆ ಮೊದಲೇ ಗೊತ್ತಿತ್ತು, ಅದಕ್ಕಾಗಿಯೇ ನಾನು ತಾರ್ಷೀಷಿಗೆ ಓಡಿಹೋಗಲು ಹೊರಟದ್ದು. ದೇವರು ಎಂದಿನಂತೆಯೇ ನಡೆದುಕೊಂಡನೆಂಬುದೇ ಯೋನನ ದೂರು. ಯೆರೆಮೀಯನ ಹದಿನೆಂಟನೆಯ ಅಧ್ಯಾಯದಲ್ಲಿ, ಕುಂಬಾರನ ಮನೆಯ ಪ್ರಸಂಗದ ನಂತರ, ಇದೇ ಸಂಗತಿಯನ್ನು ನಿಯಮದ ರೂಪದಲ್ಲಿ ಹೇಳಿದೆ: ನಾಶದ ಮಾತು ಕೇಳಿದ ಜನಾಂಗವು ತಿರುಗಿಕೊಂಡರೆ ನಾಶವಿಲ್ಲ, ಒಳ್ಳೆಯ ಮಾತು ಕೇಳಿದ ಜನಾಂಗವು ಕೆಟ್ಟರೆ ಆ ಒಳಿತೂ ಇಲ್ಲ. ಎಚ್ಚರಿಕೆಯೊಳಗೆ ಅಡಗಿರುವ ಈ ಷರತ್ತನ್ನು ಮರೆತು ಓದುವುದರಿಂದಲೇ ದೇವರು ಚಂಚಲನೆಂಬ ಅನುಮಾನ ಹುಟ್ಟುತ್ತದೆ.

ಸೌಲನ ಪ್ರಸಂಗ ಇಷ್ಟು ಸರಳವಲ್ಲ. ಒಂದನೆಯ ಸಮುವೇಲನ ಹದಿನೈದನೆಯ ಅಧ್ಯಾಯದ 11 ಮತ್ತು 35ನೆಯ ವಚನಗಳು ದೇವರು ಪಶ್ಚಾತ್ತಾಪಪಟ್ಟನೆನ್ನುತ್ತವೆ. ಅವುಗಳ ನಡುವಿನ 29ನೆಯ ವಚನದಲ್ಲಿ ಪ್ರವಾದಿ ಸಮುವೇಲನು, ದೇವರು ಮನುಷ್ಯನಂತೆ ಪಶ್ಚಾತ್ತಾಪಪಡುವವನಲ್ಲ ಎನ್ನುತ್ತಾನೆ. ಒಂದೇ ಅಧ್ಯಾಯದಲ್ಲಿ ಎರಡನ್ನೂ ಉಳಿಸಿಕೊಂಡವರು ಮರೆವಿನಿಂದ ಹಾಗೆ ಮಾಡಿರಲಾರರು. ಮನುಷ್ಯರು ಸಾಮಾನ್ಯವಾಗಿ ಮುಂದಿನದನ್ನು ಅರಿಯದೆ ಎಡವಿದಾಗ, ಇಲ್ಲವೆ ಮನಸ್ಸು ಚಂಚಲವಾದಾಗ ಪಶ್ಚಾತ್ತಾಪಪಡುತ್ತಾರೆ; ಅಂಥದ್ದು ದೇವರಲ್ಲಿ ಇಲ್ಲವೆಂಬುದು ಸಮುವೇಲನ ಮಾತಿನ ಅರ್ಥ. ಆದರೆ ಅವಿಧೇಯತೆಯನ್ನು ಕಂಡು ದೇವರು ನೊಂದನೆಂಬುದನ್ನು ಆ ಅಧ್ಯಾಯ ಅಲ್ಲಗಳೆಯುವುದಿಲ್ಲ. ಇಂಥ ವಚನಗಳನ್ನೆಲ್ಲ ಬರಿಯ ಅಲಂಕಾರವೆಂದು ಬದಿಗೆ ಸರಿಸುವ ಹಳೆಯ ವ್ಯಾಖ್ಯಾನಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹೋಶೇಯನ ಹನ್ನೊಂದನೆಯ ಅಧ್ಯಾಯದಲ್ಲಿ ದೇವರು ತನ್ನ ಹೃದಯ ಮರುಗುತ್ತಿದೆಯೆಂದು ಹೇಳಿ, ಅದರ ಮುಂದೆಯೇ ತಾನು ಮನುಷ್ಯನಲ್ಲ, ದೇವರು, ಆದಕಾರಣ ಕೋಪವನ್ನು ತೀರಿಸಿಕೊಳ್ಳೆನು ಎನ್ನುತ್ತಾನೆ. ಅಲ್ಲಿ ಮರುಕವೂ ಸ್ಥಿರತೆಯೂ ಒಂದೇ ಉಸಿರಿನಲ್ಲಿ ಬರುತ್ತವೆ.

ಪ್ರಶ್ನೆ: ನಾನು ಪ್ರತಿ ಗುರುವಾರ ನಮ್ಮ ಬಡಾವಣೆಯ ಬಾಲಯೇಸುವಿನ ದೇವಾಲಯದಲ್ಲಿ ನೊವೆನಾ ಪ್ರಾರ್ಥನೆಗೆ ಹೋಗುತ್ತೇನೆ. ದೇವರ ಸಂಕಲ್ಪ ಬದಲಾಗುವುದಿಲ್ಲವಾದರೆ ಬೇಡಿಕೊಳ್ಳುವುದರಿಂದ ಏನು ಪ್ರಯೋಜನವೆಂದು ನನ್ನ ಮಗ ಕೇಳುತ್ತಾನೆ. ಏನು ಹೇಳಲಿ?
– ಓದುಗರು, ವಿವೇಕನಗರ

ಉತ್ತರ: ನಿಮ್ಮ ಮಗ ಕೇಳಿರುವುದನ್ನು 13ನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹೆಚ್ಚುಕಡಿಮೆ ಇದೇ ರೂಪದಲ್ಲಿ ಎತ್ತಿಕೊಂಡಿದ್ದರು. ದೇವರ ಸಂಕಲ್ಪವನ್ನು ಬದಲಿಸಲು ನಾವು ಪ್ರಾರ್ಥಿಸುವುದಲ್ಲ, ಪ್ರಾರ್ಥನೆಯ ಮೂಲಕವೇ ದೊರಕಬೇಕೆಂದು ದೇವರು ಸಂಕಲ್ಪಿಸಿರುವುದನ್ನು ಪಡೆಯಲು ಪ್ರಾರ್ಥಿಸುತ್ತೇವೆ ಎಂಬುದು ಅವರು ಕೊಟ್ಟ ಉತ್ತರದ ಸಾರ. ಅಂದರೆ ಬೇಡುವವರ ಮೊರೆಯೂ ದೇವರ ಆಳ್ವಿಕೆಯ ಒಳಗಿನದೇ ಹೊರತು ಹೊರಗಿನಿಂದ ಅದನ್ನು ತಿದ್ದಲು ಬಂದದ್ದಲ್ಲ.

ಹಿಜ್ಕೀಯ ಅರಸನಿಗೆ ನೀನು ಸಾಯುವಿ ಎಂದು ಪ್ರವಾದಿ ಯೆಶಾಯನು ಹೇಳಿ ಹೊರಟಾಗ ಅರಸನು ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಬೇಡಿಕೊಂಡನು. ಪ್ರವಾದಿಯು ಅರಮನೆಯ ನಡುವಣ ಪ್ರಾಕಾರವನ್ನು ದಾಟುವುದರೊಳಗೆ, ಅವನ ಆಯುಷ್ಯಕ್ಕೆ 15 ವರ್ಷಗಳನ್ನು ಕೂಡಿಸಿದ್ದೇನೆಂಬ ಮಾತು ಬಂತು. ಬಂಧನದ ರಾತ್ರಿ ಗೆತ್ಸೇಮನೆಯಲ್ಲಿ ಯೇಸು ಯಾತನೆಯ ಆ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿಕೊಂಡಾಗ ಅದು ತೊಲಗಲಿಲ್ಲ. ಎರಡೂ ಪ್ರಾರ್ಥನೆಗಳನ್ನು ಬೈಬಲ್ ಒಂದರ ಪಕ್ಕದಲ್ಲಿ ಇನ್ನೊಂದನ್ನು ಹಾಗೆಯೇ ಇಟ್ಟಿದೆ; ಯಾವ ಬೇಡಿಕೆಗೆ ಯಾವ ಉತ್ತರ ಬರುವುದೆಂಬ ಲೆಕ್ಕವನ್ನು ಅದು ಕೊಡುವುದಿಲ್ಲ, ಮತ್ತು ಅಂಥ ಲೆಕ್ಕವನ್ನು ಕೊಡುತ್ತೇವೆನ್ನುವವರನ್ನು ನಂಬಬೇಕಾಗಿಲ್ಲ. ಮನಸ್ಸು ಗಳಿಗೆಗೊಮ್ಮೆ ಬದಲಾಗುವವರ ಮುಂದೆ ನಿಂತು ಬೇಡುವುದೇ ನಿಜವಾಗಿ ಕಷ್ಟ ಎಂಬುದನ್ನು, ಯಾವುದಾದರೂ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತಿದ್ದರೆ, ನಿಮ್ಮ ಮಗನೂ ಬಲ್ಲರು.

ಪ್ರಶ್ನೆ: ಹಂದಿಮಾಂಸ ನಿಷೇಧ, ಸುನ್ನತಿ, ಪಶುಬಲಿ ಇವನ್ನೆಲ್ಲ ಆಜ್ಞಾಪಿಸಿದ ದೇವರೇ ಅವುಗಳನ್ನು ಕೈಬಿಟ್ಟನಲ್ಲವೇ? ಆಜ್ಞೆ ಬದಲಾದ ಮೇಲೆ ಆಜ್ಞಾಪಿಸಿದವನೂ ಬದಲಾದಂತಲ್ಲವೇ?
– ಓದುಗರು, ಯಲಹಂಕ

ಉತ್ತರ: ಇದು ರೋಮನ್ ಸಾಮ್ರಾಜ್ಯದ ವಿದ್ಯಾವಂತರು ಕ್ರೈಸ್ತರನ್ನು ಕೆಣಕಲು ಬಳಸುತ್ತಿದ್ದ ಪ್ರಶ್ನೆ. 5ನೆಯ ಶತಮಾನದ ಆರಂಭದಲ್ಲಿ ಮಾರ್ಸೆಲಿನಸ್ ಎಂಬ ಅಧಿಕಾರಿ ಇದನ್ನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನರ ಮುಂದಿಟ್ಟಾಗ ಅವರು ತಮ್ಮ ಕಾಲದ ಹೆಸರಾಂತ ವೈದ್ಯ ವಿಂಡಿಸಿಯಾನಸನ ಪ್ರಸಂಗವನ್ನು ಬರೆದು ಕಳಿಸಿದರು. ವೈದ್ಯನು ಕೊಟ್ಟ ಔಷಧದಿಂದ ರೋಗಿಯೊಬ್ಬನು ಗುಣಹೊಂದಿದನು. ಕೆಲವು ವರ್ಷಗಳ ಮೇಲೆ ಅದೇ ಕಾಯಿಲೆ ಮರುಕಳಿಸಿದಾಗ ಅವನು ಯಾರನ್ನೂ ಕೇಳದೆ ಅದೇ ಔಷಧವನ್ನು ಹಚ್ಚಿಕೊಂಡನು, ರೋಗ ಉಲ್ಬಣಿಸಿತು. ಓಡಿಬಂದು ದೂರಿದಾಗ ವೈದ್ಯನು, ಈ ಸಲ ನಾನು ಹೇಳಿರಲಿಲ್ಲವಲ್ಲ, ಅದಕ್ಕೇ ಹೀಗಾಯಿತು ಎಂದನು. ಕೇಳಿದವರು ಅವನಲ್ಲಿ ಏನೋ ಮಾಟಮಂತ್ರವಿರಬೇಕೆಂದು ಭಾವಿಸಿದರು. ರೋಗಿಯ ವಯಸ್ಸು ಈಗ ಬೇರೆಯಾಗಿದ್ದು, ಆ ವಯಸ್ಸಿಗೆ ತಾನು ಆ ಔಷಧವನ್ನು ಕೊಡುತ್ತಲೇ ಇರಲಿಲ್ಲ ಎಂದು ವೈದ್ಯನು ಆಮೇಲೆ ವಿವರಿಸಿದನು. ಬದಲಾದದ್ದು ಔಷಧವೇ ಹೊರತು ವೈದ್ಯಶಾಸ್ತ್ರವಲ್ಲ ಎಂಬುದು ಅಗಸ್ಟೀನರ ವಾದ.

ಆದರೂ ಇದರಲ್ಲಿ ನಿಮಗೆ ಒಂದು ಕೊರತೆ ಕಾಣಬಹುದು: ಹಾಗಾದರೆ ನಾಳೆ ಎಲ್ಲವೂ ಬದಲಾಗಬಹುದಲ್ಲ? ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವು ಇದಕ್ಕೆ ಗಡಿ ಹಾಕುತ್ತದೆ. ಅಬ್ರಹಾಮನಿಗೆ ಕೊಟ್ಟ ವಾಗ್ದಾನವೇ ಮೊದಲಿನದು. 430 ವರ್ಷಗಳ ತರುವಾಯ ಬಂದ ಧರ್ಮಶಾಸ್ತ್ರವು ಅದನ್ನು ರದ್ದುಮಾಡಲಾರದು. ಹೊಸ ಒಡಂಬಡಿಕೆಯ ಮಾತು ಕೂಡ ಆಮೇಲೆ ಹೊಳೆದದ್ದಲ್ಲ, ಯೆರೆಮೀಯನ 31ನೆಯ ಅಧ್ಯಾಯದಲ್ಲಿಯೇ ಇದೆ. ಯಾಜಕತ್ವ ಬದಲಾದರೆ ಧರ್ಮಶಾಸ್ತ್ರವೂ ಬದಲಾಗಲೇಬೇಕೆಂದು ನಿಸ್ಸಂಕೋಚವಾಗಿ ಬರೆಯುವ ಇಬ್ರಿಯರಿಗೆ ಬರೆದ ಪತ್ರವೇ, ಯೇಸು ಕ್ರಿಸ್ತನು ನಿನ್ನೆ, ಇಂದು, ಎಂದೆಂದಿಗೂ ಅದೇ ಆಗಿದ್ದಾನೆ ಎಂದೂ ಹೇಳುತ್ತದೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ನೀವು ಹೇಳುವ ಮಾರ್ಪಡದ ದೇವರಿಗೂ ವೇದಾಂತದ ನಿರ್ವಿಕಾರ ಬ್ರಹ್ಮಕ್ಕೂ ವ್ಯತ್ಯಾಸವೇನು? ಮಾರ್ಪಡದವನು ಮನುಷ್ಯನಾಗಿ ಹುಟ್ಟಿದ್ದು ಹೇಗೆ?
– ಓದುಗರು, ಬಸವನಗುಡಿ

ಉತ್ತರ: ಅದ್ವೈತದಲ್ಲಿ ಬ್ರಹ್ಮವು ನಿರ್ಗುಣ, ನಿರ್ವಿಕಾರ, ಬದಲಾವಣೆಯೆಂಬುದು ವ್ಯವಹಾರದ ಮಟ್ಟಕ್ಕೆ ಸೇರಿದ್ದು. ಕ್ರೈಸ್ತ ನಂಬಿಕೆಯು ಜಗತ್ತನ್ನೂ ಅದರ ಬದಲಾವಣೆಯನ್ನೂ ಸತ್ಯವೆಂದೇ ಒಪ್ಪಿ, ಆ ಜಗತ್ತಿನೊಡನೆ ಮಾತನಾಡುವ, ಆಜ್ಞಾಪಿಸುವ, ವಾಗ್ದಾನ ಮಾಡುವ ದೇವರು ಮಾತ್ರ ಬದಲಾಗುವುದಿಲ್ಲ ಎನ್ನುತ್ತದೆ. ಅಧಿಕಾರದ ವಿಷಯದಲ್ಲಿ ಹೋಲಿಕೆ ಹುಡುಕುವುದಾದರೆ ಮಧ್ವಾಚಾರ್ಯರು ಹತ್ತಿರವಾಗುತ್ತಾರೆ. ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ ಸ್ವತಂತ್ರನು ವಿಷ್ಣುವೊಬ್ಬನೇ ಎಂದ ಅವರ ಮಾತಿನ ವಿನ್ಯಾಸವನ್ನು ಕ್ರೈಸ್ತ ದೇವಶಾಸ್ತ್ರದ ವಿದ್ಯಾರ್ಥಿಯು ಬೇಗನೆ ಗುರುತಿಸಬಲ್ಲನು. ಆದರೆ ಮಧ್ವರಲ್ಲಿ ಜೀವರೂ ಪ್ರಕೃತಿಯೂ ಪರಾಧೀನವಾಗಿದ್ದರೂ ಅನಾದಿ. ಕ್ರೈಸ್ತರಲ್ಲಾದರೋ ದೇವರ ಹೊರತು ಅನಾದಿಯಾದದ್ದು ಬೇರೇನೂ ಇಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಕ್ರೈಸ್ತ ಸಭೆಯನ್ನು ಶತಮಾನಗಳ ಕಾಲ ಕಾಡಿತು. ದೇವಕುಮಾರನು ಸೃಷ್ಟಿಗೊಂಡವನು, ಆದ್ದರಿಂದ ಬದಲಾಗಬಲ್ಲವನು ಎಂಬ, ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸನ ಬೋಧನೆಯನ್ನು ಕ್ರಿ.ಶ. 325ರಲ್ಲಿ ಸೇರಿದ ಬಿಷಪರ ನೈಸಿಯ ಮಹಾಸಭೆ ತಳ್ಳಿಹಾಕಿತು. ಇಂದು ಆರಾಧನೆಯಲ್ಲಿ ಹೇಳುವ ನೈಸಿಯ ವಿಶ್ವಾಸಪ್ರಮಾಣದಲ್ಲಿ ಇಲ್ಲದಿದ್ದರೂ, 325ರ ಮೂಲಪಾಠದ ಕೊನೆಯಲ್ಲಿ ಕುಮಾರನು ಮಾರ್ಪಡುವವನೆಂದು ಹೇಳುವವರ ಮೇಲೆ ಬಹಿಷ್ಕಾರದ ವಾಕ್ಯವಿತ್ತು. 451ರಲ್ಲಿ ಕಾಲ್ಸಿಡನ್ ಸಭೆಯು, ಕ್ರಿಸ್ತನಲ್ಲಿ ದೈವ ಮತ್ತು ಮಾನವ ಸ್ವಭಾವಗಳೆರಡೂ ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಾಗವಿಲ್ಲದೆ, ಅಗಲಿಕೆಯಿಲ್ಲದೆ ಕೂಡಿವೆ ಎಂದು ಸಾರಿತು. ದೇವತ್ವವು ಮಾನವತ್ವವಾಗಿ ಪರಿಣಮಿಸಲಿಲ್ಲ, ಇಲ್ಲದಿದ್ದ ಮಾನವ ಸ್ವಭಾವವನ್ನು ಆತನು ತನ್ನದಾಗಿಸಿಕೊಂಡನು ಎಂಬುದು ಇದರ ತಾತ್ಪರ್ಯ. ಹೇಗೆ ಎಂಬುದನ್ನು ಆ ನಾಲ್ಕು ನಿಷೇಧಪದಗಳು ವಿವರಿಸುವುದಿಲ್ಲ. ಹೀಗಲ್ಲ, ಹೀಗಲ್ಲ ಎಂದಷ್ಟೇ ಬೇಲಿ ಹಾಕುತ್ತವೆ. ನೇತಿ ನೇತಿಯನ್ನು ಬಲ್ಲ ನಿಮಗೆ ಈ ಬಗೆಯ ಮಾತು ಅಪರಿಚಿತವಾಗಲಾರದು.

ಬದಲಾಗದ ದೇವರಿಗೆ ನೋವುಂಟೇ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ಹ್ಯಾಂಬರ್ಗ್ ನಗರದ ಮೇಲೆ 1943ರಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಬದುಕುಳಿದು, ಯುದ್ಧಕೈದಿಯೂ ಆಗಿದ್ದ ಜರ್ಮನಿಯ ದೇವಶಾಸ್ತ್ರಜ್ಞ ಯುರ್ಗೆನ್ ಮೋಲ್ಟ್‌ಮನ್, ಶಿಲುಬೆಯಲ್ಲಿ ನೊಂದದ್ದು ಕ್ರಿಸ್ತನ ಮಾನವ ಸ್ವಭಾವ ಮಾತ್ರವೆಂದು ಹೇಳಿದರೆ ಸಾಲದು ಎಂದು 1970ರ ದಶಕದಲ್ಲಿ ವಾದಿಸಿದರು. ಪ್ರೀತಿಯಿಂದ ತಾನಾಗಿ ನೋವನ್ನು ಒಪ್ಪಿಕೊಳ್ಳುವುದು ಸ್ವಭಾವದ ಬದಲಾವಣೆಯಲ್ಲ, ಅದರ ಪ್ರಕಟಣೆ ಎಂಬಷ್ಟರ ಮಟ್ಟಿಗೆ ನಾನು ಅವರೊಡನೆ ಹೋಗಬಲ್ಲೆ. ದೇವರು ಇತಿಹಾಸದೊಡನೆ ತಾನೂ ಬೆಳೆಯುತ್ತಾನೆ ಎಂದು ಬೇರೆ ಕೆಲವರು ಹೇಳುವಾಗ ಮಾತ್ರ, ಮಲಾಕಿಯನ ಆ ವಚನಕ್ಕೆ ಏನು ಅರ್ಥ ಉಳಿಯುತ್ತದೆಂದು ನನಗೆ ತೋಚುವುದಿಲ್ಲ.

ಪ್ರಶ್ನೆ: ನಾನು ಹೋಗುವ ಪ್ರಾರ್ಥನಾಕೂಟದ ನಾಯಕರು, ದೇವರ ಅಧಿಕಾರ ಬದಲಾಗದಿರುವಂತೆ ದೇವರು ಅಭಿಷೇಕಿಸಿದವರ ಮಾತನ್ನೂ ಪ್ರಶ್ನಿಸಬಾರದು ಎನ್ನುತ್ತಾರೆ. ಪುಣೆಯಲ್ಲಿ ಸಿಕ್ಕಿರುವ ಕೆಲಸಕ್ಕೆ ನಾನು ಹೋಗಬಾರದೆಂದು ದೇವರು ಅವರಿಗೆ ತಿಳಿಸಿದ್ದಾನಂತೆ, ಮೀರಿದರೆ ಶಾಪವಂತೆ.
– ಓದುಗರು, ವೈಟ್‌ಫೀಲ್ಡ್

ಉತ್ತರ: ನಿಮ್ಮ ನಾಯಕರು ಎರಡು ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೆಣೆದಿದ್ದಾರೆ. ಪರಲೋಕದಲ್ಲಿಯೂ ಭೂಮಿಯಲ್ಲಿಯೂ ಎಲ್ಲ ಅಧಿಕಾರ ತನಗೆ ಕೊಡಲ್ಪಟ್ಟಿದೆಯೆಂದು ಯೇಸು ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಹೇಳುತ್ತಾನೆ. ಎಲ್ಲವೂ ಆತನದಾದ ಮೇಲೆ ಸಭಾಪಾಲಕರದಾಗಲಿ ನಾಯಕರದಾಗಲಿ ಸ್ವಂತ ಅಧಿಕಾರವಲ್ಲ. ಒಪ್ಪಿಸಿದ್ದು, ಲೆಕ್ಕ ಕೇಳಬಹುದಾದದ್ದು. ಅನ್ಯಜನಗಳ ಅಧಿಪತಿಗಳಂತೆ ದೊರೆತನ ಮಾಡಬಾರದು, ಮೊದಲನೆಯವನಾಗಬೇಕೆನ್ನುವವನು ಎಲ್ಲರ ಆಳಾಗಿರಬೇಕು ಎಂದು ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಆತನು ಶಿಷ್ಯರಿಗೆ ಹೇಳಿದ್ದು ಸ್ಥಾನಮಾನದ ಜಗಳವನ್ನು ಬಗೆಹರಿಸುವಾಗಲೇ. ಇನ್ನು ಬದಲಾಗದಿರುವುದು ದೇವರ ಗುಣ. ಎರಡನೆಯ ತಿಮೊಥೆಯ ಪತ್ರದ ಪ್ರಕಾರ ದೇವರು ತನ್ನ ಸ್ವಭಾವಕ್ಕೆ ವಿರೋಧವಾಗಿ ನಡೆಯಲಾರನು, ಹಾಗಾಗಿ ಆತನ ಅಧಿಕಾರ ಮನಬಂದಂತೆ ನಡೆಯುವ ದರ್ಬಾರಲ್ಲ. ಮನುಷ್ಯನಿಗೆ ಆ ಖಾತರಿಯಿಲ್ಲ. ದೇವರ ಅಧಿಕಾರವನ್ನು ನಂಬಲು ಯಾವುದು ಆಧಾರವೋ ಅದೇ ಇಲ್ಲದವರು ಅದಕ್ಕೆ ಸಲ್ಲುವ ವಿಧೇಯತೆಯನ್ನು ಕೇಳುವುದು ಸರಿಯಲ್ಲ.

ಇದಕ್ಕೆ ಆಧಾರವೆಂದು ಸಾಮಾನ್ಯವಾಗಿ ತೋರಿಸುವ, ಅಭಿಷಿಕ್ತರನ್ನು ಮುಟ್ಟಬಾರದೆಂಬ ಮಾತು 105ನೆಯ ಕೀರ್ತನೆಯದು. ನೆಲೆಯಿಲ್ಲದೆ ಅಲೆಯುತ್ತಿದ್ದ ಮೂಲಪಿತೃಗಳಿಗೆ ಕೇಡು ಮಾಡದಂತೆ ಅರಸರಿಗೆ ಕೊಟ್ಟ ಎಚ್ಚರಿಕೆ ಅದು, ಅಂದರೆ ಬಲಶಾಲಿಗಳಿಂದ ದುರ್ಬಲರನ್ನು ಕಾಯುವ ಮಾತು. ಸೌಲನು ಅಭಿಷಿಕ್ತನೆಂದು ದಾವೀದನು ಅವನನ್ನು ಕೊಲ್ಲಲಿಲ್ಲ ನಿಜ, ಆದರೆ ಅವನ ಎದುರಿಗೆ ನಿಂತು ಅವನ ಅನ್ಯಾಯವನ್ನು ಎತ್ತಿ ಹೇಳಿದನು. ಅದೇ ದಾವೀದನು ಅಭಿಷಿಕ್ತ ಅರಸನಾಗಿ ತಪ್ಪಿದಾಗ ಪ್ರವಾದಿ ನಾತಾನನು, ತಪ್ಪು ಮಾಡಿದ ಆ ಮನುಷ್ಯ ನೀನೇ ಎಂದನು. ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆ ಮುಖಾಮುಖಿಯಾಗಿ ಆಕ್ಷೇಪಿಸಿದನು. ಆ ಪೌಲನ ಉಪದೇಶವನ್ನೇ ಬೆರೋಯದವರು ಪ್ರತಿದಿನ ಶಾಸ್ತ್ರಗಳಲ್ಲಿ ಪರಿಶೀಲಿಸಿ ನೋಡುತ್ತಿದ್ದರು, ಅದಕ್ಕಾಗಿ ಅಪೊಸ್ತಲರ ಕೃತ್ಯಗಳು ಅವರನ್ನು ಸದ್ಗುಣವುಳ್ಳವರೆಂದು ಹೊಗಳುತ್ತದೆ.

ಪ್ರವಾದನೆಯ ವಿಷಯದಲ್ಲಂತೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನಾಲ್ಕನೆಯ ಅಧ್ಯಾಯ ನಿಯಮವನ್ನೇ ಹಾಕಿದೆ: ಇಬ್ಬರೋ ಮೂವರೋ ನುಡಿಯಲಿ, ಮಿಕ್ಕವರು ವಿವೇಚಿಸಲಿ. ವಿವೇಚನೆಗೆ ಒಪ್ಪದ ಪ್ರವಾದನೆಗೆ ಆ ಪತ್ರದಲ್ಲಿ ಸ್ಥಳವಿಲ್ಲ. ಆದ್ದರಿಂದ ನಾಯಕರ ಮಾತನ್ನು ನಿಮ್ಮ ಕೂಟದ ಹಿರಿಯರ ಸಮ್ಮುಖದಲ್ಲಿ ಇಡಿ. ಹೊರಗಿನ ಸಭಾಪಾಲಕರೊಬ್ಬರನ್ನೂ, ಮನೆಯವರನ್ನೂ ಕೇಳಿ. ಸಂಬಳ, ವಸತಿ, ತಂದೆತಾಯಿಯರ ಆರೈಕೆ ಇವೆಲ್ಲವನ್ನೂ ತೂಗಿ ನೋಡಿ ಹೋಗುವುದೋ ಬಿಡುವುದೋ ನೀವೇ ತೀರ್ಮಾನಿಸಿ. ಶಾಪದ ಮಾತನ್ನು ಅವರು ಮತ್ತೆ ಎತ್ತಿದರೆ, ಹಿರಿಯರ ಎದುರಿನಲ್ಲಿಯೇ ಅದಕ್ಕೆ ಶಾಸ್ತ್ರದ ಆಧಾರವನ್ನು ತೋರಿಸಬೇಕೆಂದು ಕೇಳಿ. ತೋರಿಸಲಾಗದಿದ್ದರೆ ಆ ಕೂಟವನ್ನು ಬಿಟ್ಟು ಬೇರೆ ಸಭೆಯನ್ನು ಸೇರಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.