ಚಿತ್ರದ ಕೆಳಗಿನ ಒಂದು ಸಾಲು: ಓದುಗರ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಜಾರ್ಜ್ ಹೆಸರಿನ ನಾಲ್ವರು ದೊರೆಗಳು ಇಂಗ್ಲೆಂಡನ್ನು ಆಳಿದ ಕಾಲದ, ಅಂದರೆ 1714ರಿಂದ 1830ರವರೆಗಿನ ವ್ಯಂಗ್ಯಚಿತ್ರಗಳ ಬಗ್ಗೆ ಬರೆದ ಟಿಪ್ಪಣಿಗೆ ಉತ್ತರ ಕನ್ನಡದಿಂದಲೇ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಚೌಕಟ್ಟು ಹಾಕಿದ ಒಂದು ಇಂಗ್ಲಿಷ್ ಚಿತ್ರ ಸಿಕ್ಕಿದೆ. ಸೈನಿಕರ ಉಡುಪಿನ ಇಬ್ಬರು ಊಟದ ಮೇಜಿನಲ್ಲಿ ಎದುರುಬದುರು ಕುಳಿತು ಭೂಗೋಳವನ್ನು ಕೊಯ್ಯುತ್ತಿದ್ದಾರೆ. ಕೆಳಗೆ 1805 ಎಂದಿದೆ. ಇದೇನು, ಮತ್ತು ಇದು ಆ ಕಾಲದ್ದೇ ಎಂದು ತಿಳಿಯುವುದು ಹೇಗೆ? — ನಿವೃತ್ತ ಚಿತ್ರಕಲಾ ಶಿಕ್ಷಕರು, ಕಾರವಾರ

ಉತ್ತರ: ಮಾನ್ಯರೇ, ತಾವು ವರ್ಣಿಸಿರುವುದು ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ರಚಿಸಿದ ‘ದಿ ಪ್ಲಂಬ್ ಪುಡಿಂಗ್ ಇನ್ ಡೇಂಜರ್’ ಎಂಬ ಚಿತ್ರ. ಅದು ಪ್ರಕಟವಾದದ್ದು 1805ರ ಫೆಬ್ರವರಿ 26ರಂದು. ಎಡಗಡೆಯ ಕಡ್ಡಿಯಂಥ ಉದ್ದನೆಯ ವ್ಯಕ್ತಿ ಇಂಗ್ಲೆಂಡಿನ ಪ್ರಧಾನಿ ವಿಲಿಯಂ ಪಿಟ್. ಬಲಗಡೆಯ ಕುಳ್ಳ, ಗರಿಯ ದೊಡ್ಡ ಟೋಪಿಯವನು ನೆಪೋಲಿಯನ್. ಮೇಜಿನ ಮೇಲೆ ಹಬೆಯಾಡುತ್ತಿರುವ ಪುಡಿಂಗೇ ಭೂಮಂಡಲ. ಪಿಟ್‌ನ ಕೈಯಲ್ಲಿರುವ ಮುಳ್ಳುಚಮಚವನ್ನು ಹತ್ತಿರದಿಂದ ನೋಡಿ, ಅದು ಸಮುದ್ರದ ಒಡೆತನವನ್ನು ಸಾರುವ ತ್ರಿಶೂಲ; ಅದನ್ನು ಚುಚ್ಚಿ ಆತ ಅಟ್ಲಾಂಟಿಕ್ ಸಾಗರವನ್ನೇ ನಿರಾಯಾಸವಾಗಿ ಕೊಯ್ದುಕೊಳ್ಳುತ್ತಿದ್ದಾನೆ. ನೆಪೋಲಿಯನ್ ಯುರೋಪನ್ನು ಕತ್ತಿಯಿಂದ ಸೀಳುತ್ತಿದ್ದಾನೆ, ಆದರೆ ತಟ್ಟೆಗೆ ಕೈ ನಿಲುಕದೆ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದಾನೆ. ಇಡೀ ಚಿತ್ರದ ಜೀವ ಆ ಅರ್ಧ ಎದ್ದ ಭಂಗಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನೆಪೋಲಿಯನ್ ವಾಸ್ತವದಲ್ಲಿ ಕುಳ್ಳನಾಗಿರಲಿಲ್ಲ, ಆ ಕಾಲದ ಫ್ರೆಂಚರ ಸಾಮಾನ್ಯ ಎತ್ತರದವನೇ ಆಗಿದ್ದ. ಅವನನ್ನು ಲೋಕದ ಕಣ್ಣಿನಲ್ಲಿ ಕುಳ್ಳನನ್ನಾಗಿ ಮಾಡಿದವರಲ್ಲಿ ಗಿಲ್‌ರೇಯೇ ಮೊದಲಿಗ.

ಈಗ ತಾರೀಖಿನ ಮಾತು. 1805ರ ಜನವರಿಯಲ್ಲಿ ನೆಪೋಲಿಯನ್ ಮೂರನೆಯ ಜಾರ್ಜ್ ದೊರೆಗೆ ಸಂಧಿಯ ಪತ್ರ ಬರೆದಿದ್ದ. ಇಂಗ್ಲೆಂಡಿಗೆ ಸಮುದ್ರವನ್ನು ಖಾತ್ರಿಪಡಿಸಿದ ಟ್ರಫಾಲ್ಗರ್ ಕದನ ನಡೆದದ್ದು ಅದೇ ವರ್ಷದ ಅಕ್ಟೋಬರ್ 21ರಂದು. ಈ ಹಾಳೆ ಅವೆರಡರ ನಡುವೆ, ಯಾರು ಗೆಲ್ಲುವರೆಂದು ಯಾರಿಗೂ ಗೊತ್ತಿಲ್ಲದ ದಿನಗಳಲ್ಲಿ ಚಿತ್ರ ಮಾರುವ ಅಂಗಡಿಯ ಕಿಟಕಿಗೆ ಬಂದಿತು. ಆದ್ದರಿಂದಲೇ ಇಂಥ ಚಿತ್ರ ಕೈಗೆ ಬಂದಾಗ ಮೊದಲು ಓದಬೇಕಾದದ್ದು ಕೆಳಅಂಚಿನ ಸಣ್ಣಕ್ಷರದ ಸಾಲು. ಪ್ರಕಾಶಕರ ಹೆಸರು, ವಿಳಾಸ, ದಿನಾಂಕ ಅಲ್ಲಿರುತ್ತವೆ. ವಿಲಿಯಂ ಹೋಗಾರ್ತ್ ಎಂಬ ಹಿರಿಯ ಕಲಾವಿದ ತನ್ನ ಚಿತ್ರಗಳನ್ನು ಇತರರು ಕದ್ದು ಅಚ್ಚು ಹಾಕುವುದನ್ನು ತಾಳಲಾರದೆ ಹೋರಾಡಿದ್ದರಿಂದ 1735ರಲ್ಲಿ ಜಾರಿಗೆ ಬಂದ ಕಾಯಿದೆ ಕಲಾವಿದರಿಗೆ 14 ವರ್ಷಗಳ ಹಕ್ಕನ್ನು ಕೊಟ್ಟಿತು, ಮತ್ತು ಆ ಹಕ್ಕಿಗಾಗಿ ಹೆಸರನ್ನೂ ದಿನಾಂಕವನ್ನೂ ಅಚ್ಚಿನ ಫಲಕದ ಮೇಲೆಯೇ ಕೊರೆಯಬೇಕಾಗಿತ್ತು.

ಇನ್ನು ಹಳೆಯದೇ ಎಂಬ ಪರೀಕ್ಷೆ. ಕುಶಲಕರ್ಮಿಯು ತಾಮ್ರದ ಫಲಕಕ್ಕೆ ಮೇಣ ಮತ್ತು ರಾಳದ ತೆಳುಲೇಪ ಕೊಟ್ಟು, ಅದನ್ನು ಹೊಗೆಯಲ್ಲಿ ಕಪ್ಪಾಗಿಸಿ, ಸೂಜಿಯಿಂದ ಗೆರೆ ಎಳೆಯುತ್ತಿದ್ದ. ಬಳಿಕ ಆಮ್ಲ ಸುರಿದರೆ ಸೂಜಿ ತಾಗಿದಲ್ಲಿ ಮಾತ್ರ ತಾಮ್ರ ಸವೆದು ಶಾಯಿ ಹಿಡಿಯುವ ತೋಡಾಗುತ್ತಿತ್ತು. ಚಿತ್ರ ಕಾಗದದ ಮೇಲೆ ತಿರುವುಮುರುವಾಗಿ ಬೀಳುವುದರಿಂದ ಚಿತ್ರದ ವ್ಯಕ್ತಿಗಳ ಬಾಯಿಂದ ಹೊರಡುವ ಮಾತುಗಳನ್ನೆಲ್ಲ ಕನ್ನಡಿಯ ಬರಹದಲ್ಲಿ ಕೊರೆಯಬೇಕು. ಒದ್ದೆ ಕಾಗದವನ್ನು ಫಲಕದ ಮೇಲಿಟ್ಟು ಉರುಳೆಯಡಿ ಒತ್ತಿದಾಗ ಫಲಕದ ಅಂಚು ಕಾಗದದಲ್ಲಿ ತಗ್ಗಾಗಿ ಮೂಡುತ್ತದೆ. ತಾವು ಚೌಕಟ್ಟಿನಿಂದ ಹಾಳೆಯನ್ನು ಮೆಲ್ಲನೆ ತೆಗೆದು, ಚಿತ್ರದ ಸುತ್ತ ಬೆರಳು ಆಡಿಸಿದರೆ ಆ ಅಂಚು ಬೆರಳಿಗೆ ತಾಗಬೇಕು. ಅಂಚನ್ನೇ ಕತ್ತರಿಸಿ ತೆಗೆದಿರುವುದೂ ಉಂಟು ಎಂಬುದು ನೆನಪಿರಲಿ. ಭೂತಗನ್ನಡಿಯಲ್ಲಿ ಬಣ್ಣವು ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ, ಅಲ್ಲಿಗೆ ವಿಚಾರ ಮುಗಿಯಿತು. ಹಳೆಯ ಹಾಳೆಗಳಲ್ಲಿ ಬಣ್ಣವು ಕೈಯಿಂದ ಬಳಿದ ಜಲವರ್ಣವಾಗಿರುತ್ತದೆ. ನಾನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ ಹಾಳೆಯೊಂದರಲ್ಲಿ ಕೆಂಪು ಕೋಟಿನ ಬಣ್ಣ ತೋಳಿನ ಗೆರೆಯನ್ನು ದಾಟಿ ಕುರ್ಚಿಯ ಕೈಯವರೆಗೆ ಹರಿದಿತ್ತು. ದಿನವಿಡೀ ಕುಳಿತು ಮಾದರಿ ನೋಡಿಕೊಂಡು ನೂರಾರು ಹಾಳೆಗೆ ಬಣ್ಣ ತುಂಬಿದ, ಹೆಸರು ಎಲ್ಲಿಯೂ ದಾಖಲಾಗದ ಒಬ್ಬರ ಕುಂಚ ಅಲ್ಲಿ ಆತುರಪಟ್ಟಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಳೆಯ ಹಿಂಬದಿಯಲ್ಲಿಯೂ ಇನ್ನೊಂದು ಚಿತ್ರ ಅಚ್ಚಾಗಿದ್ದರೆ, ಅದು ಗಿಲ್‌ರೇ ತೀರಿಕೊಂಡ ಬಹಳ ಕಾಲದ ಮೇಲೆ, 19ನೇ ಶತಮಾನದ ನಡುವಿನಲ್ಲಿ ಹೆನ್ರಿ ಬೋನ್ ಎಂಬ ಪ್ರಕಾಶಕ ಮೂಲ ಫಲಕಗಳಿಂದಲೇ ಮತ್ತೆ ತೆಗೆದ ಪ್ರತಿ ಎಂದು ತಿಳಿಯಬಹುದು.

ಪ್ರಶ್ನೆ: ಈ ಚಿತ್ರಗಳಲ್ಲಿ ನಮ್ಮ ನಾಡಿನ ಸಂಗತಿ ಏನಾದರೂ ಬಂದಿದೆಯೇ? — ಗೃಹಿಣಿ, ಕುಮಟಾ

ಉತ್ತರ: ಅಮ್ಮಾ, ಬಂದಿದೆ, ಅದೂ ಮಳೆಯ ಹೆಸರಿನಲ್ಲಿಯೇ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನ ಕೈ ಮೇಲಾಯಿತಾದರೂ, ಅದು ನಮ್ಮ ರೈತರ ಲೆಕ್ಕದ ಕೃತ್ತಿಕಾ ಮಳೆಯ ಹೊತ್ತು. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಅಕ್ಕಿ ಮುಗಿಯಿತು. ಕೋಟೆ ಒಡೆಯಲು ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಅವನು ಬೆಂಗಳೂರಿನ ಕಡೆಗೆ ಹಿಂದಿರುಗಬೇಕಾಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಈ ಸುದ್ದಿ ಲಂಡನ್ ತಲುಪಿದ ಮೇಲೆ, ಅದೇ ವರ್ಷದ ಡಿಸೆಂಬರ್ 6ರಂದು ಗಿಲ್‌ರೇಯ ‘ದಿ ಕಮಿಂಗ್ ಆನ್ ಆಫ್ ದಿ ಮಾನ್ಸೂನ್ಸ್’ ಹೊರಬಂದಿತು. ಕಾರ್ನ್‌ವಾಲಿಸ್ ಕತ್ತೆಯ ಮೇಲೆ ಕುಳಿತು ಓಡುತ್ತಿದ್ದಾನೆ, ಕೋಟೆಯ ಮೇಲೆ ನಿಂತ ಟಿಪ್ಪು ಸುಲ್ತಾನ್ ಅವನ ಮೇಲೆ ಮೂತ್ರ ವಿಸರ್ಜಿಸುತ್ತಿದ್ದಾನೆ, ಆ ಧಾರೆಯೇ ಶೀರ್ಷಿಕೆಯ ಮಾನ್ಸೂನ್. ಹಾಸ್ಯ ಒರಟಾದದ್ದು, ಮನೆಮಂದಿಯ ಮುಂದೆ ಹೇಳಲು ಸಂಕೋಚವಾಗುವಂಥದ್ದು. ಆದರೆ ಸೋತು ಬರುತ್ತಿರುವ ತಮ್ಮದೇ ಸೇನಾಪತಿಯನ್ನು ತಮ್ಮದೇ ರಾಜಧಾನಿಯ ಅಂಗಡಿಯಲ್ಲಿ ಹೀಗೆ ನೇತುಹಾಕಿದರಲ್ಲ, ಆ ಧೈರ್ಯವನ್ನು ನಾನು ಗೌರವಿಸುತ್ತೇನೆ. ಹಾಗೆಂದು ಗಿಲ್‌ರೇಗೆ ಮೈಸೂರಿನ ಮೇಲೆ ಮಮತೆಯಿತ್ತು ಎಂದು ಭಾವಿಸಬಾರದು. ಅವನು ಬರೆದ ಟಿಪ್ಪುವೂ ವ್ಯಂಗ್ಯದ ಬೊಂಬೆಯೇ.

ಇನ್ನೊಂದು ಚಿತ್ರವನ್ನೂ ಹೇಳಬೇಕು. 17ನೇ ಶತಮಾನದಲ್ಲಿಯೇ ನಮ್ಮ ಕಾರವಾರದಲ್ಲಿ ಕೋಠಿ ಇಟ್ಟು ಕಾಳುಮೆಣಸಿನ ವ್ಯಾಪಾರ ನಡೆಸಿದ್ದ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಅದರ ನಿರ್ದೇಶಕರ ಕೈಯಿಂದ ತಪ್ಪಿಸಿ ಸಂಸತ್ತು ಹೆಸರಿಸಿದ ಆಯುಕ್ತರಿಗೆ ಒಪ್ಪಿಸುವ ಮಸೂದೆಯನ್ನು 1783ರಲ್ಲಿ ಸಚಿವ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಮಂಡಿಸಿದ. ಡಿಸೆಂಬರ್ 5ರ ದಿನಾಂಕದ, ವ್ಯಂಗ್ಯಚಿತ್ರಕಾರ ಜೇಮ್ಸ್ ಸೇಯರ್ಸ್‌ನ ಚಿತ್ರದಲ್ಲಿ ಅವನು ‘ಕಾರ್ಲೋ ಖಾನ್’ ಆಗಿ, ಮೊಗಲರ ಉಡುಪು ತೊಟ್ಟು, ಮಿತ್ರ ಲಾರ್ಡ್ ನಾರ್ತ್‌ನ ಮುಖವುಳ್ಳ ಆನೆಯ ಮೇಲೆ ಕುಳಿತು ಕಂಪನಿಯ ಕಚೇರಿಯ ಬಾಗಿಲಿಗೆ ಬರುತ್ತಾನೆ. ಡಿಸೆಂಬರ್ 17ರಂದು ಮಸೂದೆ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಮಸೂದೆ ಬಿದ್ದದ್ದು ಮುಖ್ಯವಾಗಿ ದೊರೆಯ ಒತ್ತಡದಿಂದ. ಆದರೂ ಫಾಕ್ಸ್ ಹಿಂದೂಸ್ತಾನದ ಬಾದಶಹನಾಗಲು ಹೊರಟಿದ್ದಾನೆ ಎಂಬ ಮಾತು ಓದುಬರಹ ಬಾರದವರ ಕಣ್ಣಿಗೂ ಈ ಚಿತ್ರದಿಂದಲೇ ಕಟ್ಟಿತು.

ಪ್ರಶ್ನೆ: ನಮ್ಮ ಅಂಕೋಲೆ ಕಡೆಯ ಸುಗ್ಗಿಯ ಹಗರಣಕ್ಕೂ (ವೇಷ ಹಾಕಿ ಅಣಕಿಸುವ ಆಟ) ಈ ಚಿತ್ರಗಳಿಗೂ ಹೋಲಿಕೆ ಇದೆಯೇ? — ಜಾನಪದಾಸಕ್ತರು, ಅಂಕೋಲಾ

ಉತ್ತರ: ಮೈಯ ಒಂದು ಲಕ್ಷಣವನ್ನು ಹಿಡಿದು ಹಿಗ್ಗಿಸುವುದು, ಎಲ್ಲರೂ ಬಲ್ಲ ವ್ಯಕ್ತಿಯನ್ನು ಗುರುತು ಸಿಗುವಂತೆ ಅಣಕಿಸುವುದು ಎರಡರಲ್ಲಿಯೂ ಇದೆ. ಆದರೆ ಹಗರಣದ ವೇಷ ಹಬ್ಬದ ದಿನ ಬೀದಿಯಲ್ಲಿ ಹುಟ್ಟಿ ಅಂದೇ ಕಳಚುತ್ತದೆ, ಅದಕ್ಕೆ ಬೆಲೆಯಿಲ್ಲ. ಲಂಡನ್ನಿನ ಹಾಳೆ ವ್ಯಾಪಾರದ ಸರಕು. ಬಣ್ಣವಿಲ್ಲದ್ದು ಸಾಮಾನ್ಯವಾಗಿ ಒಂದು ಶಿಲ್ಲಿಂಗ್, ಬಣ್ಣದ್ದು ಎರಡು. ಕೂಲಿಯವರಿಗೆ ಅದು ದುಬಾರಿ, ಆದ್ದರಿಂದ ಅವರು ಕಿಟಕಿಯ ಹೊರಗೆ ನಿಂತು ನೋಡಿದರು. ಉಳ್ಳವರು ಸಂಜೆಯ ಅತಿಥಿಗಳಿಗೆ ತೋರಿಸಲು ಚಿತ್ರಗಳ ಸಂಪುಟವನ್ನೇ ಬಾಡಿಗೆಗೆ ತಂದರು.

ಪ್ರಶ್ನೆ: ದೊರೆಯನ್ನೇ ಅಣಕಿಸಿದ ಕಲಾವಿದರಿಗೆ ಶಿಕ್ಷೆ ಆಗಲಿಲ್ಲವೇ? — ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ಬಹಳ ಅಪರೂಪ. ರಾಜದ್ರೋಹದ ಬರಹಕ್ಕೆ ಶಿಕ್ಷೆ ಇತ್ತು, ಬರೆದವರೂ ಮಾರಿದವರೂ ಸೆರೆಮನೆ ಕಂಡರು. ಆದರೆ ಚಿತ್ರದ ಮೇಲೆ ದಾವೆ ಹೂಡಿದರೆ ಸರ್ಕಾರದ ವಕೀಲರು ತುಂಬಿದ ನ್ಯಾಯಾಲಯದಲ್ಲಿ ನಿಂತು, ಈ ಡೊಳ್ಳುಹೊಟ್ಟೆಯವನು ಯುವರಾಜನೇ ಎಂದು ತಾವೇ ಸಾಬೀತುಪಡಿಸಬೇಕಾಗುತ್ತಿತ್ತು. ಆ ಅವಮಾನಕ್ಕಿಂತ ಸುಮ್ಮನಿರುವುದೇ ಲೇಸು ಎಂದು ಅವರು ಬಗೆದರು. 1796ರಲ್ಲಿ ಗಿಲ್‌ರೇಯನ್ನು ಒಂದು ಚಿತ್ರಕ್ಕಾಗಿ ಬಂಧಿಸಿದರು. ಕಾರಣ ರಾಜದ್ರೋಹವಲ್ಲ, ಧರ್ಮನಿಂದೆ, ಮತ್ತು ಆ ಮೊಕದ್ದಮೆಯೂ ಮುಂದುವರಿಯಲಿಲ್ಲ.

ಬಾಯಿ ಮುಚ್ಚಿಸಲು ಸರ್ಕಾರಕ್ಕೆ ಬೇರೆ ದಾರಿ ಇತ್ತು, ಅದು ಹಣ. 1797ರಿಂದ ಪಿಟ್‌ನ ಸರ್ಕಾರ ಗಿಲ್‌ರೇಗೆ ವರ್ಷಕ್ಕೆ 200 ಪೌಂಡ್ ಕೊಟ್ಟಿತು. ನಾಲ್ಕನೆಯ ಜಾರ್ಜ್ ಪಟ್ಟಕ್ಕೆ ಬಂದ 1820ರಲ್ಲಿ ಜಾರ್ಜ್ ಕ್ರೂಕ್‌ಶಾಂಕ್ ಎಂಬ ತರುಣ ಕಲಾವಿದ, ದೊರೆಯನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲ ಎಂದು ಒಪ್ಪಿ 100 ಪೌಂಡ್ ಪಡೆದ. ಗಿಲ್‌ರೇಯ ವಿಷಯದಲ್ಲಿ ನನಗೆ ಸೆರೆಮನೆಯ ಸುದ್ದಿಗಿಂತ ಈ ಸಂಬಳದ ಸುದ್ದಿಯೇ ಹೆಚ್ಚು ನೋವು ತರುತ್ತದೆ. 1792ರಲ್ಲಿ ಊಟ ಮುಗಿಸಿ ಹಲ್ಲು ಕುಕ್ಕಿಕೊಳ್ಳುತ್ತ ಕುಳಿತ ಯುವರಾಜನನ್ನೂ (ಮುಂದೆ ನಾಲ್ಕನೆಯ ಜಾರ್ಜ್ ಆದವನು), ಮೊಟ್ಟೆ ತಿಂದು ಉಳಿತಾಯ ಮಾಡುವ ಅವನ ಜಿಪುಣ ತಂದೆ ಮೂರನೆಯ ಜಾರ್ಜನನ್ನೂ ಜೋಡಿ ಚಿತ್ರಗಳಲ್ಲಿ ಒಂದೇ ನಿಷ್ಠುರತೆಯಿಂದ ಕೊರೆದ ಕೈ, ಆ ಸಂಬಳದ ವರ್ಷಗಳಲ್ಲಿ ವಿರೋಧ ಪಕ್ಷದವರ ಕಡೆಗೇ ಹೆಚ್ಚಾಗಿ ತಿರುಗಿತು. ಕೊನೆಗೆ ದೃಷ್ಟಿ ಮಂದವಾಗಿ, ಮನಸ್ಸಿನ ಸ್ವಾಸ್ಥ್ಯವನ್ನೂ ಕಳೆದುಕೊಂಡು, ಪ್ರಕಾಶಕಿ ಹನ್ನಾ ಹಂಫ್ರಿ ನಡೆಸುತ್ತಿದ್ದ ಸೇಂಟ್ ಜೇಮ್ಸ್ ಬೀದಿಯ ಅಂಗಡಿಯ ಮೇಲಿನ ಕೋಣೆಗಳಲ್ಲಿ ಆಕೆಯ ಆರೈಕೆಯಲ್ಲಿಯೇ ಇದ್ದು 1815ರ ಜೂನ್ 1ರಂದು ಅವನು ತೀರಿಕೊಂಡ.

ಪ್ರಶ್ನೆ: ಇವನ್ನು ಇಲ್ಲಿಂದಲೇ ನೋಡಲು ಸಾಧ್ಯವೇ? ಕರಾವಳಿಯ ಮಳೆಗಾಲದಲ್ಲಿ ಇಂಥ ಹಳೆಯ ಹಾಳೆಯನ್ನು ಕಾಪಾಡುವುದು ಹೇಗೆ? — ಗ್ರಂಥಪಾಲಕರು, ಹೊನ್ನಾವರ

ಉತ್ತರ: ಹಾಳೆ ನೇರವಾಗಿ ಗಾಜಿಗೆ ತಾಗಬಾರದು, ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಲಿ. ಅಂಟುಪಟ್ಟಿ ಹಚ್ಚಬೇಡಿ. ಹೊರಗೋಡೆಗೆ ನೇತುಹಾಕಿದರೆ ಆಷಾಢದಲ್ಲಿ ಗೋಡೆಯ ಥಂಡಿ ಕಾಗದಕ್ಕೆ ಇಳಿಯುತ್ತದೆ, ಒರಲೆಯೂ ಅಲ್ಲಿಂದಲೇ ಹತ್ತುತ್ತದೆ. ಒಳಗೋಡೆಯೇ ಸರಿ, ಅದೂ ಬಿಸಿಲು ಬೀಳದ ಕಡೆ, ಏಕೆಂದರೆ ಜಲವರ್ಣ ಬೆಳಕಿಗೆ ಮಾಸುತ್ತದೆ.

ನೋಡುವುದಾದರೆ, ಬ್ರಿಟಿಷ್ ಮ್ಯೂಸಿಯಂನ ಜಾಲತಾಣದಲ್ಲಿ ಸಾವಿರಾರು ಚಿತ್ರಗಳನ್ನು ಶುಲ್ಕವಿಲ್ಲದೆ ನೋಡಬಹುದು. ಆ ಸಂಗ್ರಹಕ್ಕೆ ಫ್ರೆಡರಿಕ್ ಸ್ಟೀಫನ್ಸ್ ಆರಂಭಿಸಿ ಡೊರೊಥಿ ಜಾರ್ಜ್ ಪೂರೈಸಿದ ವಿವರಪಟ್ಟಿ 1870ರಿಂದ 1954ರವರೆಗೆ ಸಂಪುಟಗಳಾಗಿ ಹೊರಬಂದಿದೆ. ಚಿತ್ರದೊಳಗಿನ ಪ್ರತಿಯೊಬ್ಬ ವ್ಯಕ್ತಿ ಯಾರು, ಸಂದರ್ಭ ಯಾವುದು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿಯೂ ದೊಡ್ಡ ಸಂಗ್ರಹವಿದೆ. ಅದರ ಬಹುಭಾಗ 1921ರಲ್ಲಿ ವಿಂಡ್ಸರ್ ಅರಮನೆಯಿಂದ ಖರೀದಿಯಾಗಿ ಬಂದದ್ದು. ಹಲ್ಲು ಕುಕ್ಕಿಕೊಳ್ಳುತ್ತ ಕುಳಿತಿದ್ದ ಆ ಯುವರಾಜನೇ ಇಂಥ ಚಿತ್ರಗಳನ್ನು ಅಂಗಡಿಗಳಿಂದ ಕೊಂಡು ತರಿಸಿ ಅರಮನೆಯಲ್ಲಿ ಕೂಡಿಡುತ್ತಿದ್ದ.