ಮಾತುಗಾರನ ಪಾತ್ರ ಕಟ್ಟಿದವನ ಕೈಗೆ ಕೊನೆಗೆ ಕತ್ತಿ ಕೊಡಬೇಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬಿಡುವಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಆರ್‌ಪಿಜಿ, ಅಂದರೆ ಆಟಗಾರ ತನ್ನ ಪಾತ್ರವನ್ನು ತಾನೇ ಕಟ್ಟಿ ಕತೆಯೊಳಗೆ ಆಡುವ ಗೇಮ್, ಮಾಡುತ್ತಿದ್ದೀರಿ. ಫೈಟ್‌ಗಳನ್ನು ಬಿಗಿ ಮಾಡಿದರೆ ಕತೆಗಾಗಿ ಆಡುವವರು ಅರ್ಧಕ್ಕೇ ಬಿಡುತ್ತಾರೆ, ಸಡಿಲ ಮಾಡಿದರೆ ಪಾತ್ರವನ್ನು ಹೇಗೆ ಕಟ್ಟಿದರೂ ಒಂದೇ ಆಗಿಬಿಡುತ್ತದೆ. ಹಾಗಾದರೆ ಫೈಟ್, ಪಾತ್ರದ ಆಯ್ಕೆ, ಕತೆ ಮೂರನ್ನೂ ಸರಿತೂಗಿಸುವುದು ಹೇಗೆ, ಅಲ್ವಾ? ನಾನು ಗೇಮ್ ಕಂಪನಿಯಲ್ಲಿ ಕೆಲಸ ಮಾಡಿದವನಲ್ಲ. ವರ್ಷಗಟ್ಟಲೆ ಆಡಿದವನು, ಒಂದೇ ಒಂದು ಸಲ ಮಾಡಲು ಹೋಗಿ ಚೆನ್ನಾಗಿ ಪೆಟ್ಟು ತಿಂದವನು. ಆ ಪೆಟ್ಟಿನಿಂದಲೇ ಶುರು ಮಾಡುತ್ತೇನೆ.

2002ರಲ್ಲಿ ಬಂದ ನೆವರ್‌ವಿಂಟರ್ ನೈಟ್ಸ್ ಅನ್ನುವ ಆರ್‌ಪಿಜಿ ಜೊತೆಗೆ ಅರೋರಾ ಅನ್ನುವ ಟೂಲ್‌ಸೆಟ್ ಇತ್ತು. ನಮ್ಮದೇ ಜಾಗ, ನಮ್ಮದೇ ಮಾತುಕತೆ, ನಮ್ಮದೇ ಶತ್ರುಗಳನ್ನು ಇಟ್ಟು ಸ್ವಂತ ಆಟ ಕಟ್ಟಬಹುದಿತ್ತು. ನಾನೂ ಎರಡು ತಿಂಗಳು ಕೂತು ಐದಾರು ಗಂಟೆಯ ಕತೆಯೊಂದನ್ನು ಕಟ್ಟಿದೆ. ಆಡಲು ಕೂತ ಗೆಳೆಯ ಆರಿಸಿಕೊಂಡದ್ದು ಬಾರ್ಡ್, ಅಂದರೆ ಹಾಡುಗಾರ. ಬಲ ಕಡಿಮೆ ಮಾಡಿ ಕರಿಷ್ಮಾ (ಜನರನ್ನು ಸೆಳೆಯುವ ಗುಣ) ಏರಿಸಿದ, ಪರ್ಸ್ವೇಡ್ ಅಂದರೆ ಮಾತಿನಲ್ಲಿ ಒಪ್ಪಿಸುವ ಸ್ಕಿಲ್ ತುಂಬಿಸಿದ. ಮೊದಲ ಮೂರು ಗಂಟೆ ಅವನಿಗೆ ಹಬ್ಬ. ಕಾವಲುಗಾರನನ್ನು ಮಾತಿನಲ್ಲೇ ಕರಗಿಸಿದ, ಕಳ್ಳರ ನಾಯಕನನ್ನು ಒಲಿಸಿಕೊಂಡು ಅವನ ಬಾಯಿಂದಲೇ ದಾರಿ ತಿಳಿದ. ನಾನು ಹಿಂದೆ ಕೂತು ಬೀಗುತ್ತಿದ್ದೆ.

ಆಮೇಲೆ ಸೇತುವೆ ಬಂತು. ಅದರ ಮೇಲೆ ಒಂದು ಓಗರ್, ಅಂದರೆ ದೈತ್ಯ ರಾಕ್ಷಸ, ಅದರ ಹಿಂದೆ ನಾಲ್ಕು ಜನ ಬಿಲ್ಲುಗಾರರು. ಮಾತಿಗೆ ಅಲ್ಲಿ ಜಾಗವೇ ಇಟ್ಟಿರಲಿಲ್ಲ, ಯಾಕೆಂದರೆ ಪರೀಕ್ಷೆ ಮಾಡುವಾಗೆಲ್ಲ ನಾನು ಫೈಟರ್, ಅಂದರೆ ಕತ್ತಿ ಹಿಡಿದ ಯೋಧ, ಆಗಿಯೇ ಆಡಿದ್ದೆ, ನನಗೆ ಅದು ಎರಡು ನಿಮಿಷದ ಮಜಾ. ಅವನು ಹನ್ನೊಂದು ಸಲ ಸತ್ತ. ಹನ್ನೆರಡನೆಯ ಸಲ ಲೋಡ್ ಮಾಡಲಿಲ್ಲ, ಅಂದರೆ ಸೇವ್ ಮಾಡಿದ ಜಾಗದಿಂದ ಮತ್ತೆ ಶುರು ಮಾಡಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ, "ಇಷ್ಟು ಹೊತ್ತು ನಾನು ಆಡಿದ್ದು ಬೇರೆ ಆಟವಾ?" ಅಂದ.

ಆ ಫೈಟ್ ಕಷ್ಟವಾಗಿತ್ತು ಅಂತ ಅವನು ಬೈಯಲಿಲ್ಲ, ಗಮನಿಸಿ. ಪಾತ್ರ ಕಟ್ಟುವ ಪರದೆಯಲ್ಲಿ ನಾನು ಒಂದು ಮಾತು ಕೊಟ್ಟಿದ್ದೆ: ಬಾಯಿ ಇದ್ದವನೂ ಇಲ್ಲಿ ಬದುಕಬಹುದು ಅಂತ. ಸೇತುವೆಯ ಮೇಲೆ ಅದನ್ನು ಮುರಿದೆ. ಈಸಿ ಮೋಡ್ ಇಟ್ಟಿದ್ದರೆ ಅವನು ಗೆಲ್ಲುತ್ತಿದ್ದ, ನಿಜ. ಆದರೆ ಅವನು ಕಟ್ಟಿದ ಪಾತ್ರಕ್ಕೆ ಅಲ್ಲಿ ಆಗಲೂ ಕೆಲಸ ಇರುತ್ತಿರಲಿಲ್ಲ, ಸುಮ್ನೆ ಕ್ಲಿಕ್ ಮಾಡಿ ದಾಟುತ್ತಿದ್ದ ಅಷ್ಟೆ. ಹಾಗಾಗಿ ಮೂರನ್ನೂ ತಕ್ಕಡಿಯಲ್ಲಿಟ್ಟು ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ ಅಂತ ತೂಗುವ ಲೆಕ್ಕವೇ ನನಗೆ ಈಗ ಹಿಡಿಸುವುದಿಲ್ಲ. ಆಟಗಾರ ಏನನ್ನು ಆರಿಸಿದನೋ ಅದಕ್ಕೆ ಫೈಟ್‌ನ ಒಳಗೂ ಬೆಲೆ ಇದೆಯಾ, ಇಲ್ಲವಾ? ನಾನು ನೋಡುವುದು ಇಷ್ಟನ್ನೇ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2011ರ ಡೇಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ಇಡೀ ಆಟದಲ್ಲಿ ಅಡಗಿಕೊಂಡು ಹೋಗು, ಹ್ಯಾಕ್ ಮಾಡು ಅನ್ನುತ್ತದೆ, ಬಾಸ್, ಅಂದರೆ ದೊಡ್ಡ ಶತ್ರು, ಬಂದ ಕೂಡಲೇ ಬಾಗಿಲು ಹಾಕಿ ಗುಂಡು ಹೊಡಿ ಅನ್ನುತ್ತದೆ. ಜನ ಸರಿಯಾಗಿ ಉಗಿದರು, 2013ರಲ್ಲಿ ತಿದ್ದಿ ಬಿಟ್ಟ ಡೈರೆಕ್ಟರ್ಸ್ ಕಟ್‌ನಲ್ಲಿ ಆ ಫೈಟ್‌ಗಳಿಗೆ ಬೇರೆ ದಾರಿಗಳನ್ನು ಸೇರಿಸಬೇಕಾಯಿತು. 2004ರ ವ್ಯಾಂಪೈರ್: ಬ್ಲಡ್‌ಲೈನ್ಸ್ ನನ್ನ ಅಚ್ಚುಮೆಚ್ಚಿನ ಆಟ. ಅದರಲ್ಲೂ ಮಾತಿನ ಮಲ್ಲರನ್ನು ಮೊದಲರ್ಧ ಮುದ್ದಿಸಿ ಕೊನೆಯ ಕೆಲವು ಗಂಟೆ ಹೊಡೆದಾಟಕ್ಕೆ ದೂಡುತ್ತಾರೆ.

ಸರಿಯಾಗಿ ಮಾಡಿದ್ದು ಬೇಕೆಂದರೆ 1997ರ ಫಾಲ್‌ಔಟ್ ನೋಡಿ. (ಮುಂದೆ ಅದರ ಕೊನೆಯ ಗುಟ್ಟು ಇದೆ. ಆದರೂ ಇಷ್ಟು ವರ್ಷ ಆದ ಮೇಲೆ ಹೇಳಿದರೆ ಪಾಪ ಬರುವುದಿಲ್ಲ ಅಂದುಕೊಳ್ಳುತ್ತೇನೆ.) ಅಲ್ಲಿ ಬಂದೂಕಿನ ಸ್ಕಿಲ್‌ಗೂ ಮಾತಿನ ಸ್ಕಿಲ್‌ಗೂ ಒಂದೇ ಜೇಬಿನಿಂದ ಪಾಯಿಂಟ್ ಹೋಗುತ್ತದೆ, ಅಂದರೆ ಮಾತು ಕಲಿತವನ ಗುರಿ ಕೆಡುವುದು ಖಂಡಿತ. ಆದರೆ ಕೊನೆಯ ಶತ್ರು ಮಾಸ್ಟರ್‌ನನ್ನು ಮಾತಿನಲ್ಲೂ ಸೋಲಿಸಬಹುದು. ಅವನು ಮನುಷ್ಯರನ್ನು ಬದಲಿಸಿ ಮಾಡಿದ ಮ್ಯೂಟಂಟ್‌ಗಳಿಗೆ ಮಕ್ಕಳಾಗುವುದಿಲ್ಲ, ಅವನ ಯೋಜನೆ ಒಂದು ತಲೆಮಾರಿಗೇ ಮುಗಿಯುತ್ತದೆ ಅಂತ ತೋರಿಸಿಕೊಟ್ಟರೆ ಅವನೇ ಕುಸಿದು ಎಲ್ಲವನ್ನೂ ಸ್ಫೋಟಿಸಲು ಹೊರಡುತ್ತಾನೆ, ನೀವು ಓಡಬೇಕು. ಅವನನ್ನು ನಂಬಿಸಲು ಬ್ರದರ್‌ಹುಡ್ ಆಫ್ ಸ್ಟೀಲ್ ಅನ್ನುವ ಆಟದೊಳಗಿನ ಪಂಗಡದ ಸಂಶೋಧಕಿಯೊಬ್ಬಳ ವರದಿಯ ಡಿಸ್ಕ್ ನೆರವಿಗೆ ಬರುತ್ತದೆ. ಅದನ್ನು ಎಷ್ಟೋ ಹೊತ್ತಿನ ಮೊದಲೇ ಕೇಳಿ ಪಡೆದಿರಬೇಕು. ಅಂದರೆ ಮಾತುಗಾರನಿಗೂ ಅದು ಬಿಟ್ಟಿ ಗೆಲುವಲ್ಲ. ಗನ್ ಹಿಡಿದವನು ಗುಂಡು ಕೂಡಿಡುವ ಹಾಗೆ ಇವನು ವಿಷಯ ಕೂಡಿಡುತ್ತಾನೆ. ಫೈಟ್, ಆಯ್ಕೆ, ಕತೆ ಮೂರೂ ಅಲ್ಲಿ ಒಂದೇ ಕೋಣೆಯಲ್ಲಿವೆ.

ಇದರ ಉಲ್ಟಾ ತಪ್ಪೂ ಇದೆ, ಹೊಸಬರು ಅದನ್ನೇ ಜಾಸ್ತಿ ಮಾಡುತ್ತಾರೆ. ಫೈಟ್‌ಗೆ ಇಪ್ಪತ್ತು ನಿಮಿಷದ ತಂತ್ರ ಬೇಕು, ಮಾತಿಗೆ ಒಂದು ಬಟನ್ ಸಾಕು. ಆಗ ಮಾತು ಆಯ್ಕೆಯಲ್ಲ, ಫೈಟ್ ದಾಟಿಸುವ ಸ್ಕಿಪ್ ಬಟನ್. ಅದೃಷ್ಟದ ಶೇಕಡಾ ಲೆಕ್ಕ ಇಟ್ಟರೆ ಇನ್ನೂ ಕೆಟ್ಟದು. 2008ರ ಫಾಲ್‌ಔಟ್ 3ರಲ್ಲಿ ಮಾತು ಗೆಲ್ಲುವ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ತೋರಿಸುತ್ತಿತ್ತು, ನಾವೆಲ್ಲ ಸೇವ್ ಮಾಡಿ, ಸೋತರೆ ಲೋಡ್ ಮಾಡಿ, ಗೆಲ್ಲುವ ತನಕ ಒತ್ತಿದೆವು. ಅದೇ ಸರಣಿಯ 2010ರ ನ್ಯೂ ವೇಗಸ್ ಅದನ್ನು ತೆಗೆದು ಇಲ್ಲಿಗೆ ಮಾತಿನ ಸ್ಕಿಲ್ 50 ಬೇಕು, ನಿನ್ನ ಹತ್ತಿರ 45 ಇದೆ ಅಂತ ನೇರ ಹೇಳಿತು. ಸಾಲದಿದ್ದರೂ ಆ ಮಾತನ್ನು ಆಡಬಹುದು, ಆದರೆ ಬಾಯಿಂದ ಬರುವುದು ಪೆದ್ದು ಮಾತು, ಓದಿದರೆ ನಮಗೇ ನಾಚಿಕೆ. ನೀವು ಇದನ್ನು ಹಾಗೇ ಎತ್ತಿಕೊಳ್ಳಿ.

ಕಷ್ಟದ ಮಟ್ಟದ ಬಗ್ಗೆ: ಆಟಗಾರನ ಲೆವೆಲ್ ಏರಿದಂತೆ ಲೋಕವನ್ನೂ ಏರಿಸುವ ಚಟ ಬೇಡ. 2006ರ ಒಬ್ಲಿವಿಯನ್‌ನಲ್ಲಿ ನನ್ನ ಲೆವೆಲ್ ಏರಿದ ಮೇಲೆ ದಾರಿ ತಡೆಯುವ ಚಿಲ್ಲರೆ ಕಳ್ಳರೂ ದುಬಾರಿ ಗ್ಲಾಸ್ ಕವಚ ತೊಟ್ಟು ಬರುತ್ತಿದ್ದರು, ಅದನ್ನು ಮಾರಿದರೇ ಅವರ ಜೀವನ ಆರಾಮಾಗಿ ಕಳೆಯುತ್ತಿತ್ತು. ಫೈಟ್ ಸಮ ಆಯಿತು, ಕತೆ ಸುಳ್ಳಾಯಿತು, ನಾನು ಬೆಳೆದದ್ದಕ್ಕೂ ಅರ್ಥ ಉಳಿಯಲಿಲ್ಲ. ನ್ಯೂ ವೇಗಸ್‌ನಲ್ಲಿ ಮೊದಲ ಊರಿನಿಂದ ಉತ್ತರಕ್ಕೆ ನೆಟ್ಟಗೆ ಹೋದರೆ ಡೆತ್‌ಕ್ಲಾ ಅನ್ನುವ ಭಯಂಕರ ಮೃಗಗಳು ಸೀಳಿಹಾಕುತ್ತವೆ, ದಕ್ಷಿಣಕ್ಕೆ ಸುತ್ತಿ ಹೋದರೆ ಬದುಕುತ್ತೀರಿ. ಅಪಾಯ ಅಲ್ಲಿ ಲೋಕದ ಒಂದು ಸಂಗತಿ, ನಿಮ್ಮ ಲೆವೆಲ್‌ಗೆ ಹೊಂದಿಸಿದ ಸಂಖ್ಯೆಯಲ್ಲ.

ಎಕ್ಸ್‌ಪಿಯನ್ನು, ಅಂದರೆ ಪಾತ್ರ ಬೆಳೆಯಲು ಸಿಗುವ ಅನುಭವದ ಅಂಕವನ್ನು, ಶತ್ರುವನ್ನು ಕೊಂದದ್ದಕ್ಕೆ ಕೊಡಬೇಡಿ, ಕ್ವೆಸ್ಟ್ (ಆಟ ಒಪ್ಪಿಸಿದ ಕೆಲಸ) ಮುಗಿಸಿದ್ದಕ್ಕೆ ಕೊಡಿ. ಬ್ಲಡ್‌ಲೈನ್ಸ್ ಹಾಗೆ ಮಾಡಿತ್ತು. ಇಲ್ಲದಿದ್ದರೆ ಜಗಳ ತಪ್ಪಿಸಿದವನು ಬಡವನಾಗುತ್ತಾ ಹೋಗುತ್ತಾನೆ.

ಸೋಲನ್ನು ಏನು ಮಾಡುತ್ತೀರಿ ಅನ್ನುವುದೂ ಮುಖ್ಯ. 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್‌ನ ನಾಯಕನಿಗೆ ಸಾವಿಲ್ಲ, ಬಿದ್ದರೆ ಮತ್ತೆ ಏಳುತ್ತಾನೆ, ಯಾಕೆ ಸಾಯುವುದಿಲ್ಲ ಅನ್ನುವುದೇ ಕತೆ. 2019ರ ಡಿಸ್ಕೋ ಎಲಿಸಿಯಮ್‌ನಲ್ಲಿ ಬೇರೆ ಫೈಟ್ ಪರದೆಯೇ ಇಲ್ಲ, ಎರಡು ದಾಳ ಉರುಳುತ್ತವೆ, ಸೋತರೂ ಕತೆ ಮುಂದೆ ಹೋಗುತ್ತದೆ, ಎಷ್ಟೋ ಸಲ ಗೆದ್ದದ್ದಕ್ಕಿಂತ ಸೋತ ದಾರಿಯೇ ಮಜಾ. ನಿಮ್ಮದು ಸಣ್ಣ ಆಟ, ಎಲ್ಲ ಕಡೆ ಇದು ಆಗುವುದಿಲ್ಲ. ಒಂದೆರಡು ಫೈಟ್‌ನಲ್ಲಾದರೂ ಸೋತವನನ್ನು ಕೊಲ್ಲದೆ ಸೆರೆ ಹಿಡಿಯಿರಿ ಅಥವಾ ದೋಚಿ ಬಿಡಿ. ಲೋಡ್ ಒತ್ತುವ ಕೈ ಸ್ವಲ್ಪ ತಡೆಯುತ್ತದೆ.

ನನ್ನ ಸೇತುವೆಯನ್ನು ಆಮೇಲೆ ಹೀಗೆ ಸರಿ ಮಾಡಿದೆ. ಕಳ್ಳರ ನಾಯಕನನ್ನು ಮೊದಲೇ ಒಲಿಸಿಕೊಂಡಿದ್ದರೆ ನಾಲ್ವರು ಬಿಲ್ಲುಗಾರರಲ್ಲಿ ಇಬ್ಬರು ಅವನ ಕಡೆಯವರಾಗಿ, ನಿಮ್ಮನ್ನು ಕಂಡ ಕೂಡಲೇ ಬಿಲ್ಲು ಇಳಿಸಿ ಹೊರಟುಹೋಗುತ್ತಾರೆ. ಉಳಿದ ಇಬ್ಬರಿಗೆ ಓಗರ್ ಮೇಲೆ ಮೊದಲೇ ಸಿಟ್ಟು, ಸಂಬಳ ಕೊಟ್ಟಿಲ್ಲ. ಅದನ್ನು ಕೆದಕಿದರೆ ಅವರು ಸುಮ್ಮನೆ ನಿಂತು ನೋಡುತ್ತಾರೆ. ಗೆಳೆಯ ಮತ್ತೆ ಅದೇ ಬಾರ್ಡ್ ಹಿಡಿದು ಬಂದ. ಇಬ್ಬರು ಹೋದರು, ಇಬ್ಬರು ಕೈಕಟ್ಟಿದರು, ಬಾಡಿಗೆಗೆ ತಂದ ಕತ್ತಿಯವನನ್ನು ಮುಂದೆ ಬಿಟ್ಟು ಇವನು ಹಿಂದೆ ನಿಂತು ಹಾಡಿದ. ಎರಡು ಸಲ ಸತ್ತ, ಮೂರನೆಯ ಸಲ ಗೆದ್ದ. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದು ಆ ಫೈಟ್ ಬಗ್ಗೆಯೇ.

ಹಾಗಾಗಿ ಮುಂದಿನ ಅಧ್ಯಾಯ ಬರೆಯುವ ಮೊದಲು, ನಿಮ್ಮ ಆಟದ ನಿಯಮಗಳಲ್ಲಿ ಕಟ್ಟಬಹುದಾದ ಹೊಡೆದಾಟದಲ್ಲಿ ಅತ್ಯಂತ ದುರ್ಬಲನಾದ ಪಾತ್ರವನ್ನು ಕಟ್ಟಿ, ಮೊದಲಿನಿಂದ ಆಡಿ ನೋಡಿ. ಎಲ್ಲಿ ನಿಮಗೇ ಚೀಟ್ ಕೋಡ್ ಹಾಕುವ ಮನಸ್ಸಾಗುತ್ತದೋ ಅಲ್ಲಿ ನಿಮ್ಮ ಸೇತುವೆ ಇದೆ.

ಓಗರ್‌ಗೆ ಮಾತ್ರ ನಾನು ಇವತ್ತಿಗೂ ಮಾತು ಬರೆದಿಲ್ಲ. ಬರೆಯಲು ಕೂತಿದ್ದೆ, ಅರ್ಧ ಪುಟ ಆಗಿತ್ತು ಕೂಡ. ಆಮೇಲೆ ಫೈಟರ್ ಆಗಿ ಆಡುವವನ ನೆನಪಾಯಿತು. ಅವನಿಗೂ ಒಂದು ಸೇತುವೆ ಬೇಕಲ್ಲ, ಅಳಿಸಿಬಿಟ್ಟೆ.