ಇರುವೆಗಳ ಬಣಗಳಿಗೆ ಬೇರೆ ಬೇರೆ ಬದುಕು

ಪ್ರಶ್ನೆ: ಗೆಳೆಯರೊಡನೆ ಸೇರಿ ಇರುವೆಗೂಡುಗಳ ಪೈಪೋಟಿಯನ್ನು ಕುರಿತ ಕಂಪ್ಯೂಟರ್ ಗೇಮ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಮೂರು ಬಣಗಳಿವೆ. ಒಂದಕ್ಕೆ ವೇಗ ಹೆಚ್ಚು, ಇನ್ನೊಂದಕ್ಕೆ ಬಲ ಹೆಚ್ಚು, ಮತ್ತೊಂದರ ಸಂತತಿ ಬೇಗ ಬೆಳೆಯುತ್ತದೆ. ಆದರೂ ಯಾವ ಬಣವನ್ನು ಆರಿಸಿಕೊಂಡರೂ ಆಟ ಒಂದೇ ರೀತಿ ಸಾಗುತ್ತದೆ ಎಂದು ಆಡಿದವರು ಹೇಳುತ್ತಾರೆ. ಏನು ಮಾಡಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಮೂರೂ ಬಣಗಳು ಒಂದೇ ಬಗೆಯ ಆಹಾರವನ್ನು ಒಂದೇ ಕ್ರಮದಲ್ಲಿ ಗೂಡಿಗೆ ತಂದು, ಅದರಿಂದಲೇ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ಕೊನೆಗೆ ಒಂದೇ ಕಾರಣಕ್ಕೆ ಸೋಲುವುದಾದರೆ, ವೇಗವನ್ನೋ ಬಲವನ್ನೋ ಎಷ್ಟು ತಿದ್ದಿದರೂ ಆಟಗಾರನ ತೀರ್ಮಾನಗಳು ಬದಲಾಗುವುದಿಲ್ಲ. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಗೇಮನ್ನು ಗಮನಿಸಿ. ಅಲ್ಲಿ ಝರ್ಗ್ ಬಣದ ಕೆಲಸಗಾರ ಜೀವಿ ತಾನೇ ಕಟ್ಟಡವಾಗಿ ಮಾರ್ಪಡುತ್ತದೆ. ಪ್ರೊಟಾಸ್ ಬಣದ ಕೆಲಸಗಾರ ಕಟ್ಟಡಕ್ಕೆ ಚಾಲನೆ ಕೊಟ್ಟು ಬೇರೆ ಕೆಲಸಕ್ಕೆ ಹೊರಡಬಹುದು. ಟೆರನ್ ಬಣದ ಕೆಲವು ಕಟ್ಟಡಗಳು ನೆಲ ಬಿಟ್ಟು ಹಾರಬಲ್ಲವು. ಕಟ್ಟುವ ಕೆಲಸವೊಂದರಲ್ಲಿಯೇ ಮೂರು ಬಗೆಯ ಯೋಚನೆ ಬೇಕಾಗುತ್ತದೆ.

ಇರುವೆಗಳ ಲೋಕದಲ್ಲಿ ಇಂಥ ವ್ಯತ್ಯಾಸಗಳನ್ನು ನೀವು ಕಲ್ಪಿಸಿಕೊಳ್ಳಬೇಕಾಗಿಯೇ ಇಲ್ಲ. ನಿಮ್ಮ ಸೀಮೆಯ ತೊಗರಿ ಹೊಲಗಳಂಥ ಒಣಭೂಮಿಯಲ್ಲಿ ಬೀಜ ಕೂಡಿಡುವ ಇರುವೆಗಳಿರುತ್ತವೆ. ಅವುಗಳ ಗೂಡಿನ ಬಾಯಿಯ ಸುತ್ತ ಹೊಟ್ಟು ಬಿದ್ದಿರುತ್ತದೆ. ಈ ಬಣದ ಬಲವೂ ಅಪಾಯವೂ ಅದರ ಕಣಜವೇ ಆಗಲಿ: ಮಳೆಗೆ ಬೀಜ ನೆನೆದರೆ ಅದನ್ನು ಹೊರತಂದು ಒಣಗಿಸಬೇಕು, ಆ ಹೊತ್ತಿನಲ್ಲಿ ವೈರಿಗಳಿಂದ ಕಾಯಲೂಬೇಕು. ಇದಕ್ಕೆ ತೀರ ವಿರುದ್ಧವಾದದ್ದು ಅಮೆರಿಕ ಖಂಡಗಳ ಉಷ್ಣವಲಯದ ಸೈನ್ಯ ಇರುವೆ. ಅದಕ್ಕೆ ಸ್ಥಿರವಾದ ಗೂಡಿಲ್ಲ. ಇರುವೆಗಳು ಒಂದಕ್ಕೊಂದು ಕಾಲು ಹೆಣೆದುಕೊಂಡು ತಮ್ಮ ಮೈಗಳಿಂದಲೇ ರಾಣಿಗೂ ಮರಿಗಳಿಗೂ ಆಸರೆ ಕಟ್ಟುತ್ತವೆ. ಹಸಿದ ಮರಿಗಳಿರುವ ಕಾಲದಲ್ಲಿ ದಿನದಿನವೂ ನೆಲೆ ಬದಲಿಸುವ ಈ ಬಣಕ್ಕೆ ನೀವು ಉಗ್ರಾಣವನ್ನೇ ಕೊಡಬಾರದು.

ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸುವುದು ನಮ್ಮ ದಕ್ಷಿಣ ಭಾರತದಲ್ಲಿಯೇ ಇರುವ ಜಿಗಿಯುವ ಇರುವೆ, ಹಾರ್ಪೆಗ್ನಾಥೋಸ್ ಸಾಲ್ಟೇಟರ್. ದೊಡ್ಡ ಕಣ್ಣುಗಳಿಂದ ನೋಡಿ ಒಂಟಿಯಾಗಿ ಬೇಟೆಯಾಡುವ ಇದರ ಗೂಡುಗಳು ಚಿಕ್ಕವು. ರಾಣಿ ಸತ್ತರೆ ಕೆಲಸಗಾರ ಇರುವೆಗಳು ತಲೆಯ ಮೀಸೆಗಳಿಂದ ವಾರಗಟ್ಟಲೆ ಪರಸ್ಪರ ಸೆಣಸುತ್ತವೆ. ಗೆದ್ದವು ಮೊಟ್ಟೆಯಿಡತೊಡಗುತ್ತವೆ, ಅವುಗಳ ಮಿದುಳು ಕೂಡ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಉಳಿದ ಬಣಗಳಿಗೆ ರಾಣಿಯ ಸಾವು ಸೋಲಾದರೆ ಈ ಬಣಕ್ಕೆ ಅದು ಒಳಜಗಳದ ಕಾಲ. ಯಾವ ಬೇಟೆಗಾರ್ತಿಯನ್ನು ಸೆಣಸಾಟಕ್ಕೆ ಬಿಡಬೇಕು, ಯಾರನ್ನು ಆಹಾರಕ್ಕೆ ಕಳಿಸಬೇಕು ಎಂಬ ನಿರ್ಧಾರವನ್ನು ಆಟಗಾರನಿಗೆ ಒಪ್ಪಿಸಿ. ಬೇರೆ ಯಾವ ಬಣದಲ್ಲಿಯೂ ಅವನಿಗೆ ಈ ಪ್ರಶ್ನೆ ಎದುರಾಗದು.

ಆಜ್ಞೆ ಕೊಡುವ ವಿಧಾನ ಮಾತ್ರ ಎಲ್ಲ ಬಣಗಳಿಗೂ ಒಂದೇ ಆಗಿರಲಿ. ಬಣ ಬದಲಿಸಿದಾಗಲೆಲ್ಲ ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕಾದರೆ ಆಟಗಾರ ಬೇಸತ್ತು ಹೋಗುತ್ತಾನೆ. ಬಣ್ಣ, ಹೆಸರುಗಳನ್ನು ಅಳಿಸಿ ಎಲ್ಲ ಇರುವೆಗಳನ್ನೂ ಕಪ್ಪು ಚುಕ್ಕೆಗಳಾಗಿ ತೋರಿಸಿ ಒಮ್ಮೆ ಆಡಿಸಿ ನೋಡಿ. ತಾನು ಯಾವ ಬಣವನ್ನು ನಡೆಸುತ್ತಿದ್ದೇನೆ ಎಂಬುದು ಆಟಗಾರನಿಗೆ ಮೊದಲ ಕೆಲವು ನಿಮಿಷಗಳಲ್ಲಿಯೇ ತಿಳಿಯದಿದ್ದರೆ ಆಹಾರದ ಕ್ರಮವನ್ನು ಮತ್ತೆ ತಿದ್ದಿ. ಬಣಗಳು ಬೇರೆಯಾದಷ್ಟೂ ಅವುಗಳನ್ನು ಸರಿಸಮವಾಗಿ ತೂಗಿಸುವುದು ಕಷ್ಟವಾದ್ದರಿಂದ, ಸದ್ಯಕ್ಕೆ ಎರಡು ಬಣಗಳನ್ನು ಮಾತ್ರ ಇಟ್ಟುಕೊಳ್ಳಿ. ಅವು ಹದಕ್ಕೆ ಬಂದ ಮೇಲೆ ಮೂರನೆಯದನ್ನು ಸೇರಿಸಿ.